ಗಾಳಿ ಬಂದಾಗ ತೂರಿಕೊಳ್ಳುವುದು ಏನನ್ನು?

ಆಷಾಢ ಹಿಡಿದ ಮೇಲೆ ಬೆಂಗಳೂರಿನ ಗಾಳಿ ಕಿಟಕಿ ಬಾಗಿಲುಗಳನ್ನು ಬಡಿಯುವುದು ಹೊಸತಲ್ಲ. ಆದರೆ ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿಯೂ ಅದೇ ಪದ ಮತ್ತೆ ಮತ್ತೆ ಬೀಸಿದೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಕಾಯ್ದಿರಿಸಿ, ‘ಗಾಳಿ’ಗೆ ಸಂಬಂಧಪಟ್ಟವನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇನೆ. ಒಂದೇ ಸಂಗತಿಯನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗ ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ವಿಸ್ತರಿಸುವಾಗ ‘ಗಾಳಿ ಬೀಸಿದಾಗ ಸಂದಿಯಲ್ಲಿ ನುಸುಳಿ ಮುಂದಕ್ಕೆ ಹೋಗಬೇಕು’ ಎಂದು ಬರೆದಿದ್ದಾನೆ. ಉಪಾಧ್ಯಾಯರು ಅಂಕ ಕಳೆದಿದ್ದಾರೆ. ಅವನು ಬರೆದದ್ದು ಪೂರ್ತಿ ತಪ್ಪೇ? ಪತ್ರಿಕೆಗಳಲ್ಲಿ ದಿನವೂ ಕಾಣುವ ‘ನಿಯಮಗಳನ್ನು ಗಾಳಿಗೆ ತೂರಿ’ ಎಂಬಲ್ಲಿಯೂ ಇರುವುದು ಇದೇ ‘ತೂರು’ ಆಗಿದ್ದರೆ, ಒಂದು ಕಡೆ ಬುದ್ಧಿಮಾತು, ಇನ್ನೊಂದು ಕಡೆ ನಿಂದೆ ಹೇಗಾಯಿತು? (ಬಸವನಗುಡಿಯ ಓದುಗರು)

ಉತ್ತರ: ಕನ್ನಡದಲ್ಲಿ ‘ತೂರು’ ಎಂಬ ಕ್ರಿಯಾಪದಕ್ಕೆ ಮೂರು ಬಳಕೆಗಳಿವೆ. ಮೊದಲನೆಯದು ಕಣದಲ್ಲಿ ಕಾಳು ತೂರುವುದು. ಎರಡನೆಯದು ಎಸೆಯುವುದು, ‘ಕಲ್ಲುತೂರಾಟ’ದಲ್ಲಿರುವುದು ಅದೇ. ಮೂರನೆಯದು ಇಕ್ಕಟ್ಟಿನಲ್ಲಿ ನುಸುಳುವುದು. ಮೆಟ್ರೋ ಬಾಗಿಲು ಮುಚ್ಚಿಕೊಳ್ಳುವ ಮುನ್ನ ಒಳಗೆ ತೂರಿಕೊಂಡೆ ಎನ್ನುತ್ತೇವಲ್ಲ, ಆ ಅರ್ಥ. ತಮ್ಮ ಮೊಮ್ಮಗ ದಿನವೂ ಕೇಳುವುದು ಮೂರನೆಯ ಅರ್ಥವನ್ನೇ ಆದ್ದರಿಂದ ಗಾದೆಗೂ ಅದನ್ನೇ ಹೊಂದಿಸಿದ್ದಾನೆ. ಆದರೆ ಗಾದೆ ಹುಟ್ಟಿದ್ದು ಕಣದಲ್ಲಿ.

ರಾಗಿಯ ತೆನೆ ಒಕ್ಕಿದ ಮೇಲೆ ಕಣದ ಮೇಲೆ ಬಿದ್ದಿರುವುದು ಬರಿಯ ಕಾಳಲ್ಲ. ಕಾಳು, ಜೊಳ್ಳು, ಹೊಟ್ಟು, ಮುರಿದ ಕಡ್ಡಿ, ಧೂಳು ಎಲ್ಲವೂ ಒಂದೇ ರಾಶಿಯಲ್ಲಿರುತ್ತವೆ. ಅದನ್ನು ಮೊರಕ್ಕೆ ತುಂಬಿಕೊಂಡು, ಗಾಳಿ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಒಂದು ಹಿಡಿ ಹೊಟ್ಟನ್ನು ಬಿಟ್ಟು ನೋಡಿ, ಗಾಳಿಗೆ ಅಡ್ಡಲಾಗಿ ನಿಂತು, ಮೊರವನ್ನು ತಲೆಯ ಮಟ್ಟಕ್ಕೆ ಎತ್ತಿ ಅಂಚಿನಿಂದ ಸಣ್ಣಗೆ ಅಲುಗಿಸುತ್ತಾ ಸುರಿಸಿದರೆ, ಗಟ್ಟಿಕಾಳು ನೆಟ್ಟಗೆ ಕಾಲ ಬುಡದಲ್ಲಿ ಬೀಳುತ್ತದೆ, ಜೊಳ್ಳು ಒಂದು ಮಾರು ಆಚೆ ಬೀಳುತ್ತದೆ, ಹೊಟ್ಟು ಇನ್ನೂ ದೂರಕ್ಕೆ ಹಾರಿಹೋಗುತ್ತದೆ. ಕೆಲಸ ಮಾಡುವುದು ಗಾಳಿ. ಮನುಷ್ಯನದು ಎತ್ತಿ ಹಿಡಿಯುವಷ್ಟೇ ಪಾತ್ರ. ಗಾಳಿ ನಿಂತರೆ ತೂರುವುದೂ ನಿಲ್ಲಬೇಕು. ಬೆಂಗಳೂರಿನ ಸುತ್ತಲಿನ ಸೀಮೆಯಲ್ಲಿ ರಾಗಿಯ ಕೊಯ್ಲು ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಬರುತ್ತದೆ. ಆಷಾಢದ ಬಿರುಸು ಆ ಹೊತ್ತಿಗೆ ಗಾಳಿಯಲ್ಲಿ ಉಳಿದಿರುವುದಿಲ್ಲ. ಆದ್ದರಿಂದ ಒಕ್ಕಲುಮಕ್ಕಳು ಗಾಳಿಗಾಗಿ ಕಾಯುತ್ತಿದ್ದರು, ಅದು ಎದ್ದಾಗ ಹೊತ್ತುಗೊತ್ತು ನೋಡದೆ ಮೊರ ಹಿಡಿಯುತ್ತಿದ್ದರು. ‘ತೂರು’ ಎನ್ನದೆ ‘ತೂರಿಕೋ’ ಎಂದಿರುವುದನ್ನೂ ಗಮನಿಸಬೇಕು: ‘ಬರೆದುಕೋ’, ‘ಕಟ್ಟಿಕೋ’ ಎಂಬಲ್ಲಿ ಇರುವಂತೆ ಇಲ್ಲಿಯ ‘ಕೊಳ್ಳು’ ಫಲ ತನಗೇ ಸೇರಬೇಕು ಎಂಬುದನ್ನು ಹೇಳುತ್ತದೆ. ಗಾಳಿ ಯಾರದೂ ಅಲ್ಲ, ಕಾಳು ನಿನ್ನದು, ಆದ್ದರಿಂದ ಅದು ಇರುವಾಗಲೇ ನಿನ್ನ ಪಾಲಿನದನ್ನು ಹಸನು ಮಾಡಿಕೋ ಎಂಬುದು ಗಾದೆಯ ಮಾತು. ಅವಕಾಶವನ್ನು ಬಳಸಿಕೊಳ್ಳಬೇಕು ಎಂಬ ತಾತ್ಪರ್ಯವನ್ನು ಹುಡುಗ ಹಿಡಿದಿದ್ದಾನೆ, ಚಿತ್ರವನ್ನು ಹಿಡಿದಿಲ್ಲ. ಅರ್ಧ ಅಂಕವನ್ನಾದರೂ ಕೊಡಬಹುದಿತ್ತು.

ಇನ್ನು ‘ಗಾಳಿಗೆ ತೂರು’. ಇದೂ ಅದೇ ಕಣದ ಮಾತು, ಆದರೆ ವಿಭಕ್ತಿ ಬದಲಾಗಿದೆ. ಗಾದೆಯಲ್ಲಿ ಗಾಳಿ ಬರುವುದು ಒಂದು ಸಮಯವಾಗಿ. ಇಲ್ಲಿ ಗಾಳಿಗೆ ಏನನ್ನೋ ಕೊಟ್ಟುಬಿಡುತ್ತಿದ್ದೇವೆ. ಕಣದಲ್ಲಿ ಗಾಳಿಯ ಪಾಲಾಗುವುದು ಹೊಟ್ಟು ಮಾತ್ರ. ನಿಯಮಗಳನ್ನು ಗಾಳಿಗೆ ತೂರಿದರು ಎಂದರೆ ನಿಯಮಗಳನ್ನು ಹೊಟ್ಟಿನಂತೆ ಕಂಡರು, ಹಾರಿಹೋದರೆ ಹೋಗಲಿ ಎಂದು ಬಿಟ್ಟರು ಎಂದರ್ಥ. ಒಂದರಲ್ಲಿ ಕೈಗೆ ಉಳಿದದ್ದರ ಕಡೆಗೆ ಕಣ್ಣು, ಇನ್ನೊಂದರಲ್ಲಿ ಕಳೆದದ್ದರ ಕಡೆಗೆ. ಹಾಗಾಗಿಯೇ ಒಂದು ಬುದ್ಧಿಮಾತಾಯಿತು, ಇನ್ನೊಂದು ನಿಂದೆಯಾಯಿತು.

ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪತ್ರಿಕೆಯ ಶೀರ್ಷಿಕೆಗಳಲ್ಲಿ ಈ ಪದಪುಂಜ ಎಷ್ಟು ಅಗ್ಗವಾಗಿದೆ ಎಂಬುದೂ ಕಾಣುತ್ತದೆ. ತಿಳಿದೂ ತಿಳಿದೂ ತಿರಸ್ಕಾರದಿಂದ ಮೀರಿದ್ದಕ್ಕೆ ‘ಗಾಳಿಗೆ ತೂರಿ’ ಎಂಬುದು ತಕ್ಕ ಮಾತು. ಅರ್ಜಿಯೊಂದನ್ನು ಎರಡು ದಿನ ತಡವಾಗಿ ಸಲ್ಲಿಸಿದ್ದಕ್ಕೂ ಅದೇ ಮಾತನ್ನು ಬಳಸಿದರೆ, ನಿಜವಾಗಿ ತೂರಿದವರ ಬಗ್ಗೆ ಬರೆಯುವಾಗ ಬರಹಗಾರನ ಕೈಯಲ್ಲಿ ಪದವೇ ಉಳಿಯುವುದಿಲ್ಲ. ‘ಗಾಳಿ ಬಂದ ಕಡೆ ತೂರಿಕೊಳ್ಳುವವರು’ ಎಂದು ಪಕ್ಷಾಂತರಿಗಳನ್ನು ಹಂಗಿಸುವುದೂ ಇದೆ. ಕಣದಲ್ಲಿ ಗಾಳಿ ತಿರುಗಿದತ್ತ ತಾನೂ ತಿರುಗಿ ನಿಲ್ಲುವುದು ಜಾಣತನ. ಅದನ್ನೇ ಸಾರ್ವಜನಿಕ ಜೀವನಕ್ಕೆ ತಂದಾಗ ನಿಂದೆಯಾಗುತ್ತದೆ.

ಬೆಂಗಳೂರಿನ ಹೊರವಲಯ ದಾಟಿ ತುಮಕೂರು, ಕೋಲಾರದ ಕಡೆಗೆ ಹೋಗುವವರು ಸುಗ್ಗಿಯ ದಿನಗಳಲ್ಲಿ ರಸ್ತೆಯ ಮೇಲೆಯೇ ರಾಗಿಯನ್ನು ಹರಡಿ, ಓಡಾಡುವ ವಾಹನಗಳಿಂದ ಒಕ್ಕಣೆ ಮಾಡಿಸುವುದನ್ನು ಕಂಡಿರುತ್ತಾರೆ. ಯಂತ್ರದಿಂದ ಒಕ್ಕಿಸುವವರೂ, ವಿದ್ಯುತ್ ಫ್ಯಾನ್ ಇಟ್ಟು ತೂರುವವರೂ ಇದ್ದಾರೆ. ಗುಂಡಿ ಒತ್ತಿದರೆ ಗಾಳಿ ಬರುವ ಕಡೆ ಕಾಯುವ ಮಾತೇ ಇಲ್ಲ, ಗಾದೆಯ ಮುಕ್ಕಾಲು ಪಾಲು ಇರುವುದೇ ಆ ಕಾಯುವಿಕೆಯಲ್ಲಿ. ಮೊಮ್ಮಗನಿಗೆ ಒಮ್ಮೆ ಮೊರದಲ್ಲಿ ಸ್ವಲ್ಪ ಹೊಟ್ಟು ಬೆರೆಸಿದ ರಾಗಿ ಕೊಟ್ಟು ತಾರಸಿಗೆ ಕಳುಹಿಸಿ. ವಿಸ್ತರಣೆಯ ಪಾಠ ತಾನಾಗಿಯೇ ಆಗುತ್ತದೆ.

ಪ್ರಶ್ನೆ: ‘ಇವತ್ತು ಗಾಳಿಯೇ ಇಲ್ಲ’ ಎನ್ನುತ್ತೇವೆ, ಹಾಗೆನ್ನುತ್ತಲೇ ಉಸಿರಾಡುತ್ತಿರುತ್ತೇವೆ. ಗಾಳಿ ಎಂದರೆ ಚಲಿಸುವುದೋ, ಸುಮ್ಮನೆ ಸುತ್ತ ಇರುವುದೋ? ವಾಯು, ಅನಿಲ, ಮಾರುತ, ಪವನ ಇವೆಲ್ಲ ಒಂದೇ ಎಂದು ನಿಘಂಟಿನಲ್ಲಿದೆ. (ಮಲ್ಲೇಶ್ವರದಿಂದ)

ಉತ್ತರ: ಎರಡೂ ಹೌದು. ಸುಮಾರು ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ ಇರುವ ಮಿಶ್ರಣಕ್ಕೂ ಗಾಳಿ ಎನ್ನುತ್ತೇವೆ, ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಆ ಮಿಶ್ರಣ ಹರಿಯುವುದಕ್ಕೂ ಗಾಳಿ ಎನ್ನುತ್ತೇವೆ. ಯಾವುದೆಂಬುದನ್ನು ಕ್ರಿಯಾಪದ ತಿಳಿಸುತ್ತದೆ. ಬೀಸುವ, ಏಳುವ, ಅಡಗುವ ಗಾಳಿ ಚಲಿಸುವಂಥದು; ಚಕ್ರಕ್ಕೆ ಹೊಡೆಸುವ, ಬಲೂನಿಗೆ ಊದುವ ಗಾಳಿ ಸುಮ್ಮನೆ ತುಂಬಿರುವಂಥದು. ‘ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ’ ಎಂದಾಗ ಎರಡೂ ಸೇರಿರುತ್ತವೆ, ಬಾಡಿಗೆಯೂ ಸ್ವಲ್ಪ ಸೇರಿರುತ್ತದೆ.

ಕಾವ್ಯದಲ್ಲಿ ಪರ್ಯಾಯವಾಗಿದ್ದ ಸಂಸ್ಕೃತ ಪದಗಳು ಇಂದಿನ ಬಳಕೆಯಲ್ಲಿ ಮನೆ ಹಂಚಿಕೊಂಡಿವೆ. ವಾಯುಮಂಡಲ, ವಾಯುಮಾಲಿನ್ಯ, ವಾಯುಪಡೆ ಎಂಬಲ್ಲಿ ಬೇರೆ ಪದ ಇಟ್ಟರೆ ಕಿವಿಗೆ ಒಗ್ಗುವುದಿಲ್ಲ. ‘ಮಾರುತ’ ದೊಡ್ಡ ಪ್ರಮಾಣದ ಗಾಳಿಗೆ ಮೀಸಲಾಗಿದೆ: ಮುಂಗಾರು ಮಾರುತ, ವಾಣಿಜ್ಯ ಮಾರುತ. ‘ಪವನ’ ವಿದ್ಯುತ್ ಇಲಾಖೆಯ ಕಡೆಗೆ ಹೋಯಿತು. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಯಂತ್ರಗಳಿಂದ ಬರುವುದು ಪವನ ವಿದ್ಯುತ್. ಎಲ್ಲಕ್ಕಿಂತ ದೂರ ಹೋದದ್ದು ‘ಅನಿಲ’. ಗಾಳಿ ಎಂದೇ ಅರ್ಥವಿದ್ದ ಆ ಪದ ಇಂದು ಅಡುಗೆ ಅನಿಲದ ಸಿಲಿಂಡರಿನೊಳಗೆ ಸೇರಿಕೊಂಡಿದೆ. ‘ತಂಪಾದ ಅನಿಲ ಬೀಸುತ್ತಿತ್ತು’ ಎಂದು ಯಾರಾದರೂ ಇಂದು ಬರೆದರೆ ಓದುಗ ಸೋರಿಕೆಯಾಗಿದೆಯೇ ಎಂದು ಮೂಗರಳಿಸುತ್ತಾನೆ.

ಕನ್ನಡದ್ದೇ ಆದ ಇನ್ನೊಂದು ಹಳೆಯ ಪದ ‘ಎಲರು’. ತಂಪಾದ ಗಾಳಿ ತಂಬೆಲರು, ತೆಂಕಣದ್ದು ತೆಂಬೆಲರು. ಹಾವು ಗಾಳಿಯನ್ನೇ ಉಂಡು ಬದುಕುತ್ತದೆ ಎಂಬ ಹಿಂದಿನವರ ಕಲ್ಪನೆಯಿಂದ ಹಾವಿಗೆ ‘ಎಲರುಣಿ’ ಎಂಬ ಹೆಸರೂ ಇದೆ.

ಪ್ರಶ್ನೆ: ‘ತೆಂಕಗಾಳಿ’ ಎಂದರೆ ತೆಂಕಣಕ್ಕೆ ಹೋಗುವ ಗಾಳಿಯೋ, ತೆಂಕಣದಿಂದ ಬರುವ ಗಾಳಿಯೋ? (ವಿಜಯನಗರದಿಂದ)

ಉತ್ತರ: ಬರುವ ಗಾಳಿ. ಗಾಳಿಯ ಹೆಸರು ಅದರ ತವರಿನಿಂದ, ಹೋಗುವ ಊರಿನಿಂದಲ್ಲ. 10ನೆಯ ಶತಮಾನದ ಪಂಪ ‘ತೆಂಕಗಾಳಿ ಸೋಂಕಿದೊಡಂ’ ತನ್ನ ಮನಸ್ಸು ಬನವಾಸಿಯನ್ನು ನೆನೆಯುತ್ತದೆ ಎನ್ನುವಾಗ ಹೇಳುತ್ತಿರುವುದು ವಸಂತದಲ್ಲಿ ದಕ್ಷಿಣದಿಂದ ಬೀಸುವ ತಂಪು ಗಾಳಿಯನ್ನು; ಸಂಸ್ಕೃತ ಕವಿಗಳ ಮಲಯಮಾರುತವೂ ಅದೇ. ನೈಋತ್ಯ ಮುಂಗಾರು ಎಂದರೂ ನೈಋತ್ಯದಿಂದ ಬರುವುದು ಎಂದೇ ತಾತ್ಪರ್ಯ. ಹವಾಮಾನ ಇಲಾಖೆಯ ಲೆಕ್ಕವೂ ಬೇರೆಯಲ್ಲ: ಗಾಳಿಯ ದಿಕ್ಕು 270 ಡಿಗ್ರಿ ಎಂದು ಬರೆದಿದ್ದರೆ ಅದು ಪಶ್ಚಿಮದಿಂದ ಬರುತ್ತಿದೆ ಎಂದು ತಿಳಿಯಬೇಕು. ವಿಮಾನಗಳು ಗಾಳಿಗೆ ಎದುರಾಗಿ ಏರಬೇಕು, ಇಳಿಯಬೇಕು. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಓಡುಹಾದಿಗಳನ್ನು ಪೂರ್ವಪಶ್ಚಿಮವಾಗಿ ಹಾಸಿರುವುದು ಇಲ್ಲಿನ ಗಾಳಿಯ ಓಟಕ್ಕೆ ಒಪ್ಪುವ ವ್ಯವಸ್ಥೆ. ಮಳೆಗಾಲದಲ್ಲಿ ಹೊರಡುವವರು ವಿಮಾನ ಪಡುವಣಕ್ಕೆ ಮುಖಮಾಡಿ ಏರುವುದನ್ನು ಕಿಟಕಿಯಿಂದಲೇ ನೋಡಬಹುದು.

ಪ್ರಶ್ನೆ: ಉತ್ತರದವರು ಸಂಕ್ರಾಂತಿಗೆ ಗಾಳಿಪಟ ಹಾರಿಸುತ್ತಾರೆ, ನಮ್ಮಲ್ಲಿ ಆಷಾಢದಲ್ಲಿ ಏಕೆ? ‘ಬಾಲಂಗೋಚಿ’ ಎಂಬ ಬೈಗುಳ ಗಾಳಿಪಟದಿಂದಲೇ ಬಂದದ್ದೇ? (ಚಾಮರಾಜಪೇಟೆ ಮತ್ತು ಯಲಹಂಕದ ಓದುಗರು)

ಉತ್ತರ: ಗಾಳಿ ಇರುವಾಗಲೇ ಹಾರಿಸಬೇಕಲ್ಲ! ಜೂನ್ ಕೊನೆಯಿಂದ ಜುಲೈ ಕಳೆಯುವವರೆಗೆ ಬೆಂಗಳೂರಿನಲ್ಲಿ ಪಡುವಣ ಗಾಳಿಯ ರಭಸ ವರ್ಷದಲ್ಲೇ ಹೆಚ್ಚು. ಅರಬ್ಬೀ ಸಮುದ್ರದ ಮೇಲಿಂದ ಬರುವ ಮುಂಗಾರಿನ ಗಾಳಿಯ ಪ್ರಬಲವಾದ ಧಾರೆ ಸಮುದ್ರಮಟ್ಟದಿಂದ ಸುಮಾರು ಒಂದರಿಂದ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಹರಿಯುತ್ತದೆ. ಬೆಂಗಳೂರು ತಾನೇ 900 ಮೀಟರಿನಷ್ಟು ಎತ್ತರದಲ್ಲಿ ಕುಳಿತಿದೆ. ಆ ಗಾಳಿ ತನ್ನ ನೀರಿನ ಬಹುಭಾಗವನ್ನು ಪಶ್ಚಿಮ ಘಟ್ಟಗಳ ಆಚೆಯೇ ಸುರಿಸಿ ಬರುವುದರಿಂದ ನಮಗೆ ಆಷಾಢದಲ್ಲಿ ಸಿಗುವುದು ಮೋಡ, ತುಂತುರು ಮತ್ತು ಧಾರಾಳ ಗಾಳಿ. ಇಲ್ಲಿ ದೊಡ್ಡ ಮಳೆಯ ತಿಂಗಳು ಸೆಪ್ಟೆಂಬರ್. ಬಿರುಸಾದ ಗಾಳಿ, ಜೋರಿಲ್ಲದ ಮಳೆ: ಗಾಳಿಪಟಕ್ಕೆ ಇನ್ನೇನು ಬೇಕು? ದೊಡ್ಡಬಳ್ಳಾಪುರದಲ್ಲಿ ಆಷಾಢದಲ್ಲೇ ಗಾಳಿಪಟದ ಸ್ಪರ್ಧೆ ನಡೆಯುತ್ತದೆ.

ಬಾಲಂಗೋಚಿ ಎಂದರೆ ಪಟದ ಕೆಳತುದಿಗೆ ಕಟ್ಟುವ ಬಟ್ಟೆಯ ಅಥವಾ ಕಾಗದದ ಬಾಲ. ಅದನ್ನು ಅನಗತ್ಯ ಅಲಂಕಾರ ಎಂದುಕೊಂಡವರು ಒಮ್ಮೆ ಆಷಾಢದ ಗಾಳಿಯಲ್ಲಿ ಬಾಲವಿಲ್ಲದ ಪಟವನ್ನು ಬಿಟ್ಟು ನೋಡಬೇಕು; ಅದು ಮೇಲೇರುವ ಬದಲು ಗಿರಕಿ ಹೊಡೆದು ನೆಲಕ್ಕೆ ಕುಕ್ಕುತ್ತದೆ. ಬಾಲ ಪಟದ ಕೆಳತುದಿಯನ್ನು ಹಿಂದಕ್ಕೆ ಜಗ್ಗಿ ಅದರ ಮುಖವನ್ನು ನೇರವಾಗಿ ಇಡುತ್ತದೆ, ಗಾಳಿ ಹೆಚ್ಚಾದಷ್ಟೂ ಬಾಲ ಉದ್ದವಾಗಿರಬೇಕು. ಹಾಗಿದ್ದರೂ ಒಬ್ಬರ ಹಿಂದೆ ಸುಮ್ಮನೆ ಅಲೆದಾಡುವವನನ್ನು ‘ಬಾಲಂಗೋಚಿ’ ಎಂದು ಹೀಯಾಳಿಸುತ್ತೇವೆ. ಪದಕ್ಕೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ‘ಸೂತ್ರ ಹರಿದ ಗಾಳಿಪಟ’ ಎಂಬ ಮಾತು ಮಾತ್ರ ಅನುಭವಕ್ಕೆ ನಿಷ್ಠವಾಗಿದೆ. ಪಟದ ಕಡ್ಡಿಗೆ ಎರಡು ಕಡೆ ಕಟ್ಟಿ ದಾರಕ್ಕೆ ಸೇರಿಸುವ ಗಂಟು ಸೂತ್ರ; ಅದು ಹರಿದರೆ ಪಟ ಆಕಾಶದಲ್ಲೇ ಇರುತ್ತದೆ, ಆದರೆ ಯಾರ ಕೈಯಲ್ಲೂ ಇರುವುದಿಲ್ಲ. ಹಿರಿಯರ ಹಿಡಿತ ತಪ್ಪಿದ ಮನೆತನಕ್ಕೋ, ಗುರಿ ತಪ್ಪಿದ ಬದುಕಿಗೋ ಆ ಮಾತನ್ನು ಬಳಸಿದವರು ಪಟ ಹಾರಿಸಿ ಬಲ್ಲವರೇ ಆಗಿದ್ದರು.

ಪ್ರಶ್ನೆ: ಬಿರುಗಾಳಿ, ಸುಂಟರಗಾಳಿ, ಚಂಡಮಾರುತ ಇವನ್ನು ಸುದ್ದಿವಾಹಿನಿಗಳು ಮನಸ್ಸಿಗೆ ಬಂದಂತೆ ಬಳಸುತ್ತವೆ. ವ್ಯತ್ಯಾಸ ತಿಳಿಸಿ. (ಕೋರಮಂಗಲದಿಂದ)

ಉತ್ತರ: ‘ಬಿರು’ ಎಂದರೆ ಕಠಿನವಾದ, ಬಿರುಸಾದ; ಬಿರುನುಡಿ, ಬಿರುಬಿಸಿಲು ಎಂಬಲ್ಲಿರುವುದೂ ಅದೇ. ರಭಸದಿಂದ ನೇರವಾಗಿ ಬೀಸುವ ಯಾವುದೇ ಗಾಳಿ ಬಿರುಗಾಳಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಿನ ಮೋಡದಿಂದ ತಣ್ಣನೆಯ ಗಾಳಿ ಕೆಳಕ್ಕೆ ಧುಮುಕಿ, ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮಳೆಯ ಹನಿಗಿಂತ ಮುಂಚೆ ಬಂದು ಬೆಂಗಳೂರಿನ ಸಾಲುಮರಗಳನ್ನು ಕಾರುಗಳ ಮೇಲೆ ಉರುಳಿಸುವುದು ಅದೇ. ‘ಗಾಳಿ ಮಳೆಗೆ ಮರ ಬಿತ್ತು’ ಎನ್ನುತ್ತೇವೆ, ಬೀಳಿಸಿದ್ದರಲ್ಲಿ ಹೆಚ್ಚಿನ ಪಾಲು ಗಾಳಿಯದು. ಸುಂಟರಗಾಳಿ ಸುತ್ತುವ ಗಾಳಿ. ಬೇಸಿಗೆಯ ಮಧ್ಯಾಹ್ನ ಬಯಲಿನಲ್ಲಿ ಧೂಳು, ತರಗೆಲೆಗಳನ್ನು ಕಂಬದಂತೆ ಮೇಲಕ್ಕೆತ್ತುವ ಪುಟ್ಟ ಸುಳಿಗೂ, ಮನೆಯ ಚಾವಣಿಯನ್ನೇ ಕಿತ್ತೊಯ್ಯುವ ದೊಡ್ಡದಕ್ಕೂ ಅದೇ ಹೆಸರು.

ಚಂಡಮಾರುತ ಇವೆರಡರ ಜಾತಿಯದಲ್ಲ. ಅದು ಸಮುದ್ರದ ಮೇಲೆ ಹುಟ್ಟಿ ನೂರಾರು ಕಿಲೋಮೀಟರ್ ಹರಡುವ ವ್ಯವಸ್ಥೆ. ಬಂಗಾಳ ಕೊಲ್ಲಿಯಲ್ಲೋ ಅರಬ್ಬೀ ಸಮುದ್ರದಲ್ಲೋ ಎದ್ದ ವಾಯುಭಾರ ಕುಸಿತದ ಗಾಳಿ ಗಂಟೆಗೆ 62 ಕಿಲೋಮೀಟರ್ ವೇಗವನ್ನು ಮುಟ್ಟಿದಾಗಲೇ ಭಾರತೀಯ ಹವಾಮಾನ ಇಲಾಖೆ ಅದನ್ನು ಚಂಡಮಾರುತವೆಂದು ಕರೆದು ಹೆಸರಿಡುತ್ತದೆ. 2024ರ ನವೆಂಬರ್ ಕೊನೆಯಲ್ಲಿ ಪುದುಚೇರಿಯ ಬಳಿ ದಡ ಸೇರಿದ ‘ಫೆಂಗಲ್’ ಅಂಥದು. ಬೆಂಗಳೂರಿಗೆ ಅದರ ಪಾಲಾಗಿ ಬಂದದ್ದು ಬಿರುಗಾಳಿಯಲ್ಲ, ಬಿಡದ ಜಿಟಿಜಿಟಿ ಮಳೆ ಮತ್ತು ಚಳಿ. ಆದ್ದರಿಂದ ‘ನಗರದಲ್ಲಿ ಚಂಡಮಾರುತ, ಮರ ಧರೆಗೆ’ ಎಂದು ಮೇ ತಿಂಗಳ ಸಂಜೆಯ ಬಗ್ಗೆ ಬರೆಯುವುದು ತಪ್ಪು.

ಲಾಕ್ಷಣಿಕ ಬಳಕೆಯಲ್ಲಿ ಹೇಳಿಕೆಯೊಂದು ‘ಬಿರುಗಾಳಿ ಎಬ್ಬಿಸುತ್ತದೆ’, ಆಟಗಾರನೊಬ್ಬ ‘ಸುಂಟರಗಾಳಿಯಂತೆ’ ಬಂದು ಹೋಗುತ್ತಾನೆ. ಚಂಡಮಾರುತಕ್ಕೆ ಅಂಥ ಒಗ್ಗಿದ ಮಾತು ಕನ್ನಡದಲ್ಲಿ ಬೆಳೆದಿಲ್ಲ. ಇಲಾಖೆಯ ಪದವಾಗಿಯೇ ಉಳಿದಿದೆ.

ಪ್ರಶ್ನೆ: ನಮ್ಮ ತಾಯಿಯವರು ಊರಿನಿಂದ ಬಂದಾಗಲೆಲ್ಲ ನನ್ನ ಮಕ್ಕಳನ್ನು ನೋಡಿ ‘ಇವಕ್ಕೆ ಪೇಟೆ ಗಾಳಿ ಸೋಕಿದೆ’ ಎನ್ನುತ್ತಾರೆ. ‘ಗಾಳಿ ಸೋಕಿದೆ’ ಎಂದರೆ ದೆವ್ವದ ಮಾತಲ್ಲವೇ? (ಬನಶಂಕರಿಯಿಂದ)

ಉತ್ತರ: ದೆವ್ವದ ಮಾತೇ. ಹಳೇ ಮೈಸೂರು ಸೀಮೆಯಲ್ಲಿ ‘ಗಾಳಿ’ ಎಂದರೆ ಕಣ್ಣಿಗೆ ಕಾಣದೆ ಮೈ ಸೇರುವ ಪೀಡೆ ಎಂಬ ಅರ್ಥ ಗಟ್ಟಿಯಾಗಿದೆ: ಗಾಳಿ ಹಿಡಿಯಿತು, ಗಾಳಿ ಮೆಟ್ಟಿಕೊಂಡಿತು, ಗಾಳಿ ಬಿಡಿಸಿದರು. ಹೆಸರು ಎತ್ತಲು ಹೆದರಿದ್ದನ್ನು ಬೇರೆ ಹೆಸರಿನಿಂದ ಕರೆಯುವುದು ಜನರ ರೂಢಿ. ದೆವ್ವವೆಂದರೆ ಬಂದುಬಿಟ್ಟೀತು ಎಂಬ ಅಂಜಿಕೆಯಿಂದ ಗಾಳಿ ಎಂದರು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ ಬರುವವರಲ್ಲಿ, ಆತ ವಾಯುಪುತ್ರನಾದ್ದರಿಂದ ಆ ಹೆಸರು ಸಹಜ ಎನ್ನುವವರಿದ್ದಾರೆ, ಗಾಳಿಸೋಂಕು ಕಳೆಯುವ ದೇವರು ಎಂದು ನಂಬಿ ಬರುವವರೂ ಇದ್ದಾರೆ. ಒಂದೇ ಹೆಸರಿನಲ್ಲಿ ಪದದ ಎರಡು ಅರ್ಥಗಳಿಗೂ ಜಾಗವಿದೆ.

ಈ ಪೀಡೆಯ ಅರ್ಥದಿಂದಲೇ ‘ಪೇಟೆ ಗಾಳಿ’, ‘ಸಿನಿಮಾ ಗಾಳಿ’ ಎಂಬ ಮಾತುಗಳು ಹೊರಟಿವೆ. ಗಮನಿಸಿ: ಪೇಟೆಯನ್ನು ‘ಕಲಿತರು’ ಎನ್ನುವುದಿಲ್ಲ, ಪೇಟೆ ಗಾಳಿ ‘ಸೋಕಿತು’ ಎನ್ನುತ್ತೇವೆ. ಮಕ್ಕಳ ತಪ್ಪೇನಿಲ್ಲ, ಹೊರಗಿನಿಂದ ಏನೋ ತಗುಲಿದೆ, ಬಿಡಿಸಿದರೆ ಬಿಟ್ಟೀತು ಎಂಬ ಕನಿಕರ ಅದರಲ್ಲಿ ಅಡಗಿದೆ. ತಾಯಿಯವರ ಮಾತನ್ನು ತಾವು ಬೈಗುಳವೆಂದು ತೆಗೆದುಕೊಳ್ಳಬೇಕಾಗಿಲ್ಲ.

ಪ್ರಶ್ನೆ: ಗಾಳಿಸುದ್ದಿ, ವದಂತಿ, ಊಹಾಪೋಹ, ಸುಳ್ಳುಸುದ್ದಿ ಇವು ಒಂದೇ ಅರ್ಥದವೇ? (ಕೆಂಗೇರಿಯಿಂದ)

ಉತ್ತರ: ಅಲ್ಲ, ಈಚಿನ ದಿನಗಳಲ್ಲಿ ಈ ಭೇದವನ್ನು ಕಾಪಾಡಿಕೊಳ್ಳುವುದು ಅಗತ್ಯವೂ ಹೌದು. ಎಲ್ಲಿಂದ ಹೊರಟಿತೆಂದು ಗೊತ್ತಿಲ್ಲದ ಸುದ್ದಿ ಗಾಳಿಸುದ್ದಿ. ಅದು ಕೊನೆಗೆ ನಿಜವೂ ಆಗಬಹುದು. ಬಡಾವಣೆಗೆ ಎರಡು ದಿನ ಕಾವೇರಿ ನೀರು ಬರುವುದಿಲ್ಲವಂತೆ ಎಂಬುದು ಮೊದಲು ಗಾಳಿಸುದ್ದಿಯಾಗಿಯೇ ಬರುತ್ತದೆ. ‘ವದಂತಿ’ ಎಂದರೆ ಸಂಸ್ಕೃತದಲ್ಲಿ ‘ಹೇಳುತ್ತಾರೆ’ ಎಂದು; ಯಾರು ಹೇಳುತ್ತಾರೆಂಬುದು ಅಲ್ಲಿಯೂ ಇಲ್ಲ, ಆದ್ದರಿಂದ ಅದು ಗಾಳಿಸುದ್ದಿಗೆ ತೀರ ಹತ್ತಿರ. ಊಹಾಪೋಹ ಬೇರೆ: ಹೀಗಿರಬಹುದು, ಹೀಗಿರಲಾರದು ಎಂದು ಎರಡೂ ಕಡೆ ತರ್ಕ ಮಾಡುವುದು ಅದರ ಮೂಲಾರ್ಥ, ಅದಕ್ಕೆ ಕನಿಷ್ಠಪಕ್ಷ ತಲೆ ಬಳಸಬೇಕು. ಸುಳ್ಳುಸುದ್ದಿಗೆ ಹುಟ್ಟಿಸಿದವನೊಬ್ಬ ಇದ್ದೇ ಇರುತ್ತಾನೆ. ಯಾರೋ ಕುಳಿತು ಕಟ್ಟಿದ ಸುಳ್ಳನ್ನು ‘ಗಾಳಿಸುದ್ದಿ’ ಎಂದು ಕರೆದರೆ ಆ ಕಟ್ಟಿದವನನ್ನು ನಾವೇ ತಪ್ಪಿಸಿ ಕಳುಹಿಸಿದಂತಾಗುತ್ತದೆ.

ಪ್ರಶ್ನೆ: ತಿರುಮಲೆಗೆ ಅಲಿಪಿರಿಯಿಂದ ಮೆಟ್ಟಿಲೇರುವಾಗ ನಿಜವಾದ ಗಾಳಿಗೋಪುರವೇ ಎದುರಾಗುತ್ತದೆ. ಕಲ್ಲುಗಾರೆಯ ಗೋಪುರದ ಹೆಸರು ಹಗಲುಗನಸಿಗೆ ಹೇಗೆ ಬಂತು? (ಹಲಸೂರಿನಿಂದ)

ಉತ್ತರ: ತೆಲುಗಿನಲ್ಲಿ ‘ಗಾಲಿಗೋಪುರ’ ಎಂದರೆ ದೇವಾಲಯದ ಹೆಬ್ಬಾಗಿಲ ಮೇಲೆ ಎತ್ತಿದ ಗೋಪುರ, ಅಲ್ಲಿ ತಾವು ಕಂಡದ್ದು ಅದು. ಕನ್ನಡದ ರೂಢಿಯಲ್ಲಿ ಗಾಳಿಗೋಪುರ ಎಂದರೆ ತಳಪಾಯವಿಲ್ಲದೆ ಗಾಳಿಯಲ್ಲೇ ಕಟ್ಟಿದ್ದು. ಎರಡು ಭಾಷೆಗಳ ಎರಡು ಬಳಕೆಗಳನ್ನು ಬೆರೆಸಬಾರದು. ಹಗಲುಗನಸಿಗೂ ಇದಕ್ಕೂ ಕೂದಲೆಳೆಯ ಅಂತರವಿದೆ: ಹಗಲುಗನಸು ಸುಮ್ಮನೆ ಕಾಣುವುದು, ಗಾಳಿಗೋಪುರ ಅಂತಸ್ತಿನ ಮೇಲೆ ಅಂತಸ್ತಾಗಿ ಕಟ್ಟುವುದು. ಬೆಂಗಳೂರಿನಲ್ಲಿ ಬಣ್ಣದ ಕಾಗದದ ಮೇಲೆ ಈಜುಕೊಳ ಸಮೇತ ಕಟ್ಟಿ ಮುಗಿಸಿದ ವಸತಿ ಸಮುಚ್ಚಯಗಳಿಗೆ ಎರಡನೆಯ ಪದವೇ ಸರಿ.

ಇದೇ ಓದುಗರು ಗಾಳಿ ಎಂಬ ಕನ್ನಡ ಪದಕ್ಕೆ ಗೋಪುರ, ಪಟ ಎಂಬ ಸಂಸ್ಕೃತ ಪದಗಳನ್ನು ಕೂಡಿಸಿದ್ದು ಅರಿಸಮಾಸವಲ್ಲವೇ ಎಂದೂ ಕೇಳಿದ್ದಾರೆ. ಹೌದು. ಇಂಥ ಬೆರಕೆ ಸಮಾಸ ಸಲ್ಲದು ಎಂಬ 13ನೆಯ ಶತಮಾನದ ವ್ಯಾಕರಣಕಾರ ಕೇಶಿರಾಜನ ಕಟ್ಟಳೆಯಿಂದ ಅಳೆದರೆ ಹೌದು. ಆದರೆ ಗಾಳಿಪಟಕ್ಕೆ ಬೇರೆ ಹೆಸರಿಡಲು ಯಾವ ಮಗುವೂ ಒಪ್ಪಲಾರದು.

ಪ್ರಶ್ನೆ: ಈಗಿನ ಹುಡುಗರ ‘ಹವಾ’ ಯಾವ ಭಾಷೆಯದು? ‘ಹವಾ ಮೇಂಟೇನ್ ಮಾಡು’ ಎಂದರೇನು? (ರಾಜಾಜಿನಗರದ ನಿವೃತ್ತ ಉಪಾಧ್ಯಾಯರು)

ಉತ್ತರ: ಅರಬ್ಬಿಯಿಂದ ಪಾರಸಿ, ಉರ್ದುಗಳ ಮೂಲಕ ಕನ್ನಡಕ್ಕೆ ಬಂದ ಪದ, ಅರ್ಥ ಗಾಳಿಯೇ. ತಾವು ತರಗತಿಯಲ್ಲಿ ಬರೆಸುತ್ತಿದ್ದ ‘ಹವಾಮಾನ’ದಲ್ಲಿ ಇರುವುದೂ ಅದೇ ಹವಾ, ಅದಕ್ಕೆ ‘ಮಾನ’ ಎಂಬ ಸಂಸ್ಕೃತ ಪದ ಸೇರಿದೆ. ಹುಡುಗರ ಬಾಯಲ್ಲಿ ಹವಾ ಎಂದರೆ ಒಬ್ಬನ ಸುತ್ತ ಇರುವ ಪ್ರಭಾವ, ದರ್ಬಾರು. ‘ಏರಿಯಾದಲ್ಲಿ ಅವನದೇ ಹವಾ’ ಎಂದರೆ ಅಲ್ಲಿ ಅವನ ಮಾತು ನಡೆಯುತ್ತದೆ. ಹವಾ ಮೇಂಟೇನ್ ಮಾಡುವುದೆಂದರೆ ಆ ಠೀವಿಯನ್ನು ಬಿಟ್ಟುಕೊಡದಿರುವುದು, ಒಳಗೆ ಏನಿಲ್ಲದಿದ್ದರೂ. ಈ ಅರ್ಥದಲ್ಲಿ ‘ಅವನದೇ ಗಾಳಿ’ ಎನ್ನಲು ಬರುವುದಿಲ್ಲ. ಚುನಾವಣೆಯಲ್ಲಿ ಪಕ್ಷದ ಗಾಳಿ ಬೀಸುತ್ತದೆ, ವ್ಯಕ್ತಿಗೆ ಇರುವುದು ಹವಾ. ಪದ ಹೊಸದೆಂದು ಗಾಬರಿಯಾಗಬೇಕಾಗಿಲ್ಲ, ಅದು ಹವಾಮಾನದ ಮೂಲಕ ಎಂದೋ ಮನೆಯೊಳಗೆ ಬಂದಿದೆ. ‘ಹವಾಲಾ’ ಮಾತ್ರ ಇದರ ನೆಂಟನಲ್ಲ; ಅದು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುವುದನ್ನು ಹೇಳುವ ಬೇರೆಯ ಅರಬ್ಬಿ ಪದ.

ಪ್ರಶ್ನೆ: ‘ಬದಲಾವಣೆಯ ಗಾಳಿ’ ಕನ್ನಡದ್ದೇ? (ಅದೇ ಓದುಗರು)

ಉತ್ತರ: ಇಂಗ್ಲಿಷಿನಿಂದ ಇಳಿದದ್ದು. ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ 1960ರ ಫೆಬ್ರುವರಿ 3ರಂದು ಕೇಪ್‌ಟೌನಿನ ಸಂಸತ್ತಿನಲ್ಲಿ, ಆಫ್ರಿಕಾ ಖಂಡದಲ್ಲಿ ಎದ್ದ ಸ್ವಾತಂತ್ರ್ಯದ ಬಯಕೆಯನ್ನು ಕುರಿತು ಆಡಿದ ಮಾತು ಲೋಕಪ್ರಸಿದ್ಧವಾಯಿತು. ಈಗ ಕನ್ನಡದಲ್ಲಿ ನೆಲೆನಿಂತಿದೆ, ಬಳಸಬಹುದು, ಆದರೆ ವಾರ್ಡ್ ಸಮಿತಿಯ ಕಾರ್ಯದರ್ಶಿ ಬದಲಾದದ್ದಕ್ಕೆಲ್ಲ ಬೇಡ.

ಪ್ರಶ್ನೆ: ನಮ್ಮ ಬೀದಿಯ ಪಂಕ್ಚರ್ ಅಂಗಡಿಯ ಫಲಕದಲ್ಲಿ ‘ಇಲ್ಲಿ ಗಾಲಿ ಹೊಡೆಯಲಾಗುವುದು’ ಎಂದಿದೆ. ತಿದ್ದಿಸಬೇಕೇ? (ಪೀಣ್ಯದಿಂದ)

ಉತ್ತರ: ಕನ್ನಡದಲ್ಲಿ ಗಾಲಿ ಎಂದರೆ ಚಕ್ರ, ಗಾಳಿ ಎಂದರೆ ಗಾಳಿ, ಗಾಲಿಗೆ ಗಾಳಿ ಹೊಡೆಯುತ್ತಾರೆ. ತೆಲುಗಿನಲ್ಲಿ ಗಾಳಿಗೇ ಗಾಲಿ ಎನ್ನುವುದರಿಂದ ಫಲಕ ಬರೆದವರು ಆ ಕಡೆಯವರಿರಬಹುದು. ಮುಂದಿನ ಸಲ ಗಾಳಿ ಹೊಡೆಸಿಕೊಳ್ಳುವಾಗ ಒಂದು ಮಾತು ಹೇಳಿ, ‘ಲಿ’ ತೆಗೆದು ‘ಳಿ’ ಬರೆಸಿದರೆ ಸಾಕು.